ಡ್ರಮ್ ಬಾರಿಸುವ ಮೊದಲು

ಗಂಡಸಿಯ ಹುಡುಗರೆಲ್ಲ ಸೇರಿ ಈ ಸಲದ ಕ್ರಿಸ್‌ಮಸ್‌ಗೆ ‘ಸೈಲೆಂಟ್ ನೈಟ್’ ಹಾಡನ್ನು ರಾಕ್ ಮಾಡಿ ನುಡಿಸುತ್ತೀರಂತೆ. ಬಹಳ ಸಂತೋಷ ಕಣ್ರಪ್ಪ. ‘ದೇವರ ಹಾಡಿಗೆ ಗಿಟಾರ್ ಯಾಕ್ರೋ’ ಅಂತ ಯಾರಾದರೂ ಗದರಿದರೆ ಕುಗ್ಗಬೇಡಿ. ಆ ಹಾಡನ್ನು ಮೊದಲ ಸಲ ಹಾಡಿದ್ದೇ ಗಿಟಾರಿನ ಜೊತೆ. ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಚರ್ಚಿನಲ್ಲಿ, 1818ರ ಡಿಸೆಂಬರ್ 24ರಂದು, ಪಾದ್ರಿ ಜೋಸೆಫ್ ಮೋರ್ ಗಿಟಾರ್ ನುಡಿಸುತ್ತ ಹಾಡಿದರು, ಶಾಲಾ ಮೇಷ್ಟ್ರು ಫ್ರಾಂಟ್ಸ್ ಗ್ರೂಬರ್ ದನಿಗೂಡಿಸಿದರು. ಪದ ಪಾದ್ರಿಗಳದು, ಮಟ್ಟು ಮೇಷ್ಟ್ರದು.

ನನ್ನ ಚಿಂತೆ ಇರುವುದು ತಾಳದ್ದು. ಹಾಡಿನದು ಮೂರು-ಮೂರರ ನಡೆ, ನಮ್ಮ ಭಜನೆಯಲ್ಲಿ ತಬಲಾದವರು ಹಿಡಿಯುವ ದಾದರಾದಂತೆ ಆರು ಮಾತ್ರೆ. ರಾಕ್ ಅಂದ ಕೂಡಲೇ ಡ್ರಮ್ಮಿನವನ ಕೈ ನಾಲ್ಕರ ಎಣಿಕೆಗೆ ಓಡುತ್ತದೆ. ಹಾಗೆ ಓಡಿದರೆ ಜೋಗುಳದ ತೂಗಾಟವೇ ಹೋಯಿತು. ಒಂದಕ್ಕೆ ಕಿಕ್, ನಾಲ್ಕನೆಯ ಮಾತ್ರೆಗೆ ಸ್ನೇರ್ ಕೊಟ್ಟು ನೋಡಿ, ಅಷ್ಟರಲ್ಲೇ ಬೇಕಾದಷ್ಟು ಕಾವು ಬರುತ್ತದೆ.

ಶ್ರುತಿಯನ್ನು ಗಿಟಾರಿಗೆ ಸಲೀಸಾಗಲಿ ಅಂತ ಆರಿಸಬೇಡಿ, ಹಾಡುವವನ ಗಂಟಲು ನೋಡಿ ಆರಿಸಿ. ಕೊನೆಯ ಎರಡು ಸಾಲುಗಳಲ್ಲಿ ಮಟ್ಟು ತಾರಸ್ಥಾಯಿಯ ಮಧ್ಯಮ ಮುಟ್ಟಿ ಮಧ್ಯ ಷಡ್ಜದವರೆಗೂ ಇಳಿಯುತ್ತದೆ. ಮೇಲಿನ ಆ ಸ್ವರದಲ್ಲಿ ಅವನು ಕಿರುಚಬೇಕಾಗಿ ಬಂದರೆ ನಿಮ್ಮ ಶ್ರಮವೆಲ್ಲ ವ್ಯರ್ಥ. ಅಲ್ಲಿ ಡ್ರಮ್ ಪೂರ್ತಿ ನಿಲ್ಲಲಿ. ಇಳಿಯುವ ಸಾಲಿಗೆ ಎಲ್ಲರೂ ಒಟ್ಟಿಗೆ ಬನ್ನಿ.

ರಘು ದೀಕ್ಷಿತ್ ಅವರ 2008ರ ಆಲ್ಬಮ್ ಇನ್ನೊಮ್ಮೆ ಕೇಳಿ. ಅದರಲ್ಲಿರುವ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೊ’ ಪದಕ್ಕೆ ಎಷ್ಟೊಂದು ವಾದ್ಯ ಸೇರಿವೆ, ಆದರೂ ಮಾತು ಮುಚ್ಚಿಹೋಗಿಲ್ಲ. ತತ್ವಪದವಾಗಲಿ, ಕ್ರಿಸ್‌ಮಸ್ ಹಾಡಾಗಲಿ, ಮಾತು ಕೇಳಿಸದಿದ್ದರೆ ಹಾಡಿದ ಹಾಗಲ್ಲ.

ನೀವು ಮನೆಯಲ್ಲಿ ಯಾವ ದೇವರಿಗೆ ನಡೆದುಕೊಂಡರೂ ಸರಿ, ಇದು ಭಕ್ತಿಯ ಹಾಡು ಅನ್ನುವುದು ಮನಸ್ಸಿನಲ್ಲಿರಲಿ. ಪದಪದದ ಅರ್ಥ ತಿಳಿದವರನ್ನು ಕೇಳಿಕೊಳ್ಳಿ, ಆಮೇಲೆ ಬಾಯಿಪಾಠ ಮಾಡಿ.

ತೋಟದ ಪಂಪ್‌ಸೆಟ್ ಮನೆಯಲ್ಲಿ ಅಭ್ಯಾಸ ಅಂದಿರಿ, ಒಳ್ಳೆಯ ಜಾಗ. ಆದರೆ ಮೊದಲ ವಾರ ಆಂಪ್ಲಿಫೈಯರ್ ಒಯ್ಯಬೇಡಿ. ಒಂದು ಗಿಟಾರು, ಒಂದು ಕಂಠ, ತೊಡೆಯ ಮೇಲೆ ತಾಳ. ಅಷ್ಟರಲ್ಲಿ ಹಾಡು ಗಟ್ಟಿಯಾಗಿ ನಿಂತರೆ ಡ್ರಮ್ ತನ್ನಿ, ನಿಲ್ಲದಿದ್ದರೆ ಇನ್ನೊಂದು ವಾರ ಹಾಗೆಯೇ ಹಾಡಿ.