ಪದ್ಮಿನಿಯ ತಗಡು, ಕರಾವಳಿಯ ತುಕ್ಕು

ಪ್ರಶ್ನೆ: ಅಪ್ಪ ಕೊಂಡಿದ್ದ ಪ್ರೀಮಿಯರ್ ಪದ್ಮಿನಿ ಏಳೆಂಟು ಮಳೆಗಾಲ ಶೆಡ್ಡಿನಲ್ಲೇ ನಿಂತಿತ್ತು. ಬಾಗಿಲ ಕೆಳಗಿನ ಪಟ್ಟಿ ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಇಡೀ ಬಾಡಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ ರೆಡ್ ಆಕ್ಸೈಡ್ ಹೊಡೆದರೆ ಮುಗಿಯಿತು ಎನ್ನುತ್ತಾರೆ ಟಿಂಕರಿಂಗ್‌ನವರು. ಸರಿಯೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಇಡೀ ಬಾಡಿಗೆ ಖಂಡಿತ ಬೇಡ. ಬಾನೆಟ್, ಡಿಕ್ಕಿ, ಬಾಗಿಲಿನಂಥ ಅಗಲ ತಗಡಿಗೆ ಮರಳು ರಭಸದಿಂದ ಬಡಿದರೆ ಮೇಲ್ಮೈ ಹಿಗ್ಗಿ ಸೊಟ್ಟಗಾಗುತ್ತದೆ. ಆಮೇಲೆ ಅದನ್ನು ಮುಚ್ಚಲು ಡಬ್ಬಿಗಟ್ಟಲೆ ಪುಟ್ಟಿ! ಅಲ್ಲೆಲ್ಲ ಪೇಂಟ್ ರಿಮೂವರ್ ಹಚ್ಚಿ ಕೆರೆದು, ಉಳಿದದ್ದನ್ನು 80 ನಂಬರ್ ಪೇಪರಿನಿಂದ ಉಜ್ಜಿಸಿ. ಬ್ಲಾಸ್ಟಿಂಗ್ ಏನಿದ್ದರೂ ಸಸ್ಪೆನ್ಷನ್‌ನಂಥ ದಪ್ಪ ಭಾಗಗಳಿಗೆ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ಮೂಗಿಗೆ ಕರ್ಚೀಫ್ ಸಾಲದು, ಫಿಲ್ಟರ್ ಇರುವ ಮಾಸ್ಕ್ ಬೇಕು.

ನನಗೆ ಚಿಂತೆಯಾಗಿರುವುದು ಆ ಪಟ್ಟಿಯದು. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಮೂಲದ ಫಿಯೆಟ್ 1100ರಂತೆ ಬಾಡಿಯೇ ಭಾರ ಹೊರಬೇಕು. ಆದ್ದರಿಂದ ಪಟ್ಟಿ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿನೊಳಗೆ ಅಡ್ಡ ಪೈಪ್ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಗಾಡಿಯ ನಡು ಬಾಗುತ್ತದೆ, ಮತ್ತೆ ಎಷ್ಟು ಹೆಣಗಿದರೂ ಬಾಗಿಲು ಕೂರುವುದಿಲ್ಲ. ತೂತಿನ ಮೇಲೆ ತೇಪೆ ಹಾಕಿ ಪುಟ್ಟಿ ಮೆತ್ತುವವರಿಗೆ ನಮ್ಮಲ್ಲಿ ಬರವಿಲ್ಲ. ತಿಂದುಹೋದ ತಗಡನ್ನು ಪೂರ್ತಿ ಕತ್ತರಿಸಿ ಹೊಸದು ಕೂರಿಸುವವರನ್ನು ಹುಡುಕಿ. ವೆಲ್ಡಿಂಗಿಗೆ ಮುನ್ನ ಪೆಟ್ರೋಲ್ ಟ್ಯಾಂಕ್ ಕಳಚಿ ದೂರ ಇಡಿ.

ಮಾಮೂಲಿ ರೆಡ್ ಆಕ್ಸೈಡ್ ಮನೆಯ ಗೇಟಿಗೆ ಸರಿ. ಕಾರಿಗೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಬೇಕು, ಪುಟ್ಟಿ ಅದರ ಮೇಲೆ. ಪುಟ್ಟಿ ತೇವ ಹೀರುತ್ತದೆ. ಬರಿ ತಗಡಿನ ಮೇಲೆ ಹಾಕಿದರೆ ಅಡಿಯಿಂದಲೇ ತುಕ್ಕು ಶುರು. ನಿಮ್ಮ ಕಡಲ ಗಾಳಿಗೆ ಕೆರೆದಿಟ್ಟ ತಗಡು ರಾತ್ರಿ ಬೆಳಗಾಗುವುದರೊಳಗೆ ಕೆಂಪಾದೀತು. ಒಂದೊಂದೇ ಭಾಗ ಕೆರೆಸಿ, ಅಂದಂದೇ ಪ್ರೈಮರ್ ಹೊಡೆಸಿ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಈ ಕೆಲಸ ಮುಗಿದರೆ ಒಳ್ಳೆಯದು.

ಪ್ರಶ್ನೆ: ತುಕ್ಕು ಕಳೆಯುವ ಆಸಿಡ್ ಹಚ್ಚಿದರೆ ಸಾಲದೇ? ಅಡಿಗೆ ಟಾರ್ ಕೋಟಿಂಗ್ ಕೂಡ ಮಾಡಿಸಿದ್ದೇನೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಫಾಸ್ಫಾರಿಕ್ ಆಸಿಡ್ ಮೇಲ್ಮೇಲಿನ ತುಕ್ಕಿಗೆ ಆಗುತ್ತದೆ, ಪದರು ಪದರಾಗಿ ಎದ್ದದ್ದಕ್ಕೆ ಆಗದು. ಸಂದಿಗೆ ಇಳಿದರೆ ತಿಂಗಳುಗಳ ಬಳಿಕ ಹೊಸ ಪೇಂಟಿನಡಿ ಗುಳ್ಳೆಯಾಗಿ ಹೊರಬರುತ್ತದೆ. ತುಕ್ಕಿನ ಮೇಲೆಯೇ ಟಾರ್ ಬಳಿದಿದ್ದರೆ ನೀರನ್ನು ಒಳಗೇ ಕೂಡಿಹಾಕಿದಂತೆ, ಕೆರೆಸಿ ತೆಗೆಸಿ. ಪೇಂಟ್ ಮುಗಿದ ಮೇಲೆ ಪಟ್ಟಿ, ಬಾಗಿಲುಗಳ ಟೊಳ್ಳಿನೊಳಗೆ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ, ಕೆಳಗಿನ ನೀರು ಹೋಗುವ ತೂತುಗಳು ಮುಚ್ಚಿಲ್ಲವೆಂದು ನೀವೇ ತಂತಿ ತೂರಿಸಿ ನೋಡಿ.