ಬ್ರೇಕ್ ಬಿಚ್ಚುವವರಿಗೆ ಲೈಸೆನ್ಸ್ ಬೇಕು

ಶಿವಮೊಗ್ಗದಲ್ಲಿ ಗ್ಯಾರೇಜ್ ನಡೆಸುವವನಿಗೆ ಆಗುಂಬೆ ಘಾಟಿ ಯಾವತ್ತೂ ಕಣ್ಣೆದುರಿಗೇ ಇರಬೇಕು. ನಮ್ಮಲ್ಲಿ ಕೆಲಸ ಮುಗಿಸಿಕೊಂಡ ಕಾರು ಮಾರನೇ ದಿನ ಬೆಳಗ್ಗೆ ಉಡುಪಿಗೋ ಮಣಿಪಾಲದ ಆಸ್ಪತ್ರೆಗೋ ಹೊರಡುತ್ತದೆ. 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ ಮುಟ್ಟುವವರೆಗೂ ಡ್ರೈವರನ ಕಾಲು ಬ್ರೇಕ್ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಡ್ರಮ್ಮು, ಡಿಸ್ಕು ಕಾಯುತ್ತವೆ, ಆ ಕಾವು ಬ್ರೇಕ್ ಆಯಿಲಿಗೂ ಏರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ಆದರೆ ಗಾಳಿಯ ತೇವವನ್ನು ಹೀರಿಕೊಳ್ಳುವುದು ಆ ಆಯಿಲಿನ ಗುಣ. ವರ್ಷಗಟ್ಟಲೆ ಬದಲಾಯಿಸದೆ ಬಿಟ್ಟು ನೀರು ಸೇರಿದರೆ 140 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ಕುದಿಯಿತೆಂದರೆ ಪೈಪಿನೊಳಗೆ ಆವಿ ಗುಳ್ಳೆ ಕಟ್ಟುತ್ತದೆ, ಪೆಡಲ್ ಒತ್ತಿದರೆ ಮೆತ್ತಗೆ ನೆಲಕ್ಕೆ ಹೋಗುತ್ತದೆ.

ಇಷ್ಟು ಜವಾಬ್ದಾರಿಯ ಕೆಲಸಕ್ಕೆ ನಮ್ಮಲ್ಲಿ ಯಾರ ಅನುಮತಿಯೂ ಬೇಕಿಲ್ಲ. ಗಾಡಿ ಓಡಿಸಲು ಲೈಸೆನ್ಸ್ ಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವರು ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟ್ ಇಲ್ಲವೇ ಅದಕ್ಕಿಂತ ಮೇಲಿನ ಮೆಕ್ಯಾನಿಕಲ್ ಓದು ಇದ್ದವರಾಗಿರಬೇಕು. ಅದೇ ಸ್ಕೂಲಿನ ಕಾರಿನ ಬ್ರೇಕ್ ರಿಪೇರಿ ಮಾಡುವವನಿಗೆ ಅಂಥ ಯಾವ ಷರತ್ತೂ ಇಲ್ಲ. ನನ್ನ ಗ್ಯಾರೇಜಿಗೆ ಪಾಲಿಕೆಯಿಂದ ಪಡೆದ ಟ್ರೇಡ್ ಲೈಸೆನ್ಸ್ ಗೋಡೆಗೆ ನೇತುಹಾಕಿದೆ. ಆ ಕಾಗದ ಮಳಿಗೆಗೆ ಸಂಬಂಧಪಟ್ಟದ್ದು. ಒಳಗೆ ಪಾನಾ ಹಿಡಿದವರು ಯಾರು, ಏನು ಕಲಿತಿದ್ದಾರೆ ಎಂದು ಅದು ಕೇಳುವುದಿಲ್ಲ.

ಹಳದಿ ಬೋರ್ಡ್ ಗಾಡಿಗಳಿಗಾದರೂ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್‌ಸಿ ಇದೆ. ಬಿಳಿ ಬೋರ್ಡಿನ ಕಾರಿಗೆ ರಿಜಿಸ್ಟ್ರೇಷನ್ ಆದ ಮೇಲೆ 15 ವರ್ಷದವರೆಗೆ ಸರ್ಕಾರದ ಕಡೆಯಿಂದ ಬ್ರೇಕ್ ನೋಡುವವರೇ ಇಲ್ಲ. ಹೊಗೆ ತಪಾಸಣೆಯವರು ಹೊಗೆ ಮಾತ್ರ ನೋಡುತ್ತಾರೆ. ಅಂದರೆ ಆ 15 ವರ್ಷ ಒಂದು ಸಂಸಾರದ ಜೀವ ಇರುವುದು ಅವರ ಮೆಕ್ಯಾನಿಕ್ಕಿನ ಕೈಯಲ್ಲಿ. ಆ ಕೈ ಎಂಥದ್ದು ಎಂದು ತಿಳಿದುಕೊಳ್ಳುವ ಹಕ್ಕು ಅವರಿಗಿದೆ ಎಂದು ನಾನು ನಂಬಿದ್ದೇನೆ.

ಒಂದು ಓಮ್ನಿಯ ಕಥೆ ಹೇಳುತ್ತೇನೆ. ಟೋ ಮಾಡಿಸಿಕೊಂಡು ತಂದಿದ್ದರು. ನಾಲ್ಕೂ ಚಕ್ರ ಜಾಮ್, ಪೆಡಲ್ ಕಲ್ಲಿನಂತೆ ಗಟ್ಟಿ, ಡ್ರಮ್ಮಿನ ಹತ್ತಿರ ಹೋದರೆ ಸುಟ್ಟ ಲೈನಿಂಗ್ ವಾಸನೆ. ಮಾಸ್ಟರ್ ಸಿಲಿಂಡರಿನ ಡಬ್ಬಿಯ ಮುಚ್ಚಳ ತೆಗೆದಾಗ ಅದರ ರಬ್ಬರ್ ಉಬ್ಬಿ ಸೊಟ್ಟಗಾಗಿತ್ತು. ಒಂದು ಲೋಟ ನೀರಿಗೆ ಆ ಆಯಿಲಿನ ನಾಲ್ಕು ಹನಿ ಬಿಟ್ಟೆ. ಒಳ್ಳೆಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಇದು ಬಣ್ಣಬಣ್ಣವಾಗಿ ಮೇಲೆ ತೇಲಿತು. ಯಾರೋ ಎಂಜಿನ್ ಆಯಿಲ್ ಸುರಿದಿದ್ದರು. ಪೆಟ್ರೋಲಿಯಂ ಎಣ್ಣೆ ತಾಗಿದರೆ ಬ್ರೇಕಿನ ರಬ್ಬರ್ ಕಪ್ಪುಗಳು ಉಬ್ಬುತ್ತವೆ. ಒತ್ತಿದ ಆಯಿಲ್ ವಾಪಸ್ ಬರುವ ದಾರಿ ಮುಚ್ಚಿ, ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ. ಮಾಸ್ಟರ್ ಸಿಲಿಂಡರ್ ಕಿಟ್, ವೀಲ್ ಸಿಲಿಂಡರಿನ ಕಪ್ಪು, ಹೋಸ್ ಪೈಪು ಎಲ್ಲವನ್ನೂ ಬದಲಾಯಿಸಿ, ಲೈನ್ ಪೂರ್ತಿ ತೊಳೆದು, ಏರ್ ತೆಗೆದು ಕೊಡಬೇಕಾಯಿತು. ನೂರು ರೂಪಾಯಿಯನ್ನೂ ದಾಟದ ಒಂದು ಟಾಪ್‌ಅಪ್ಪಿನಿಂದ ಆದ ಖರ್ಚು ಅದು.

ಆಯಿಲ್ ಹಾಕಿದ್ದ ಹುಡುಗನನ್ನು ಓನರ್ ತಮ್ಮ ಜೊತೆಗೇ ಕರೆತಂದಿದ್ದರು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಬೈಯಲು ಮನಸ್ಸಾಗಲಿಲ್ಲ. ಯಾಕಪ್ಪ ಹೀಗೆ ಮಾಡಿದೆ ಎಂದು ಕೇಳಿದರೆ, “ಎಲ್ಲಾ ಆಯಿಲೂ ಒಂದೇ ಅಲ್ವಾ ಅಣ್ಣ?” ಅಂದ. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡದೆಯೇ ಕೆಲಸಕ್ಕೆ ಬಿಟ್ಟಿದ್ದರು. ಲೈಸೆನ್ಸಿನ ಮಾತು ಬಂದಾಗೆಲ್ಲ ನನಗೆ ನೆನಪಾಗುವುದು ಅವನ ಆ ಪ್ರಶ್ನೆ.

ಹಾಗೆಂದು ಕಾಗದ ಇದ್ದವರೆಲ್ಲ ಕೆಲಸ ಬಲ್ಲವರು ಎಂದು ನಾನು ಹೇಳುವುದಿಲ್ಲ. ನಾನೇ ಐಟಿಐಯಲ್ಲಿ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಮುಗಿಸಿ, ಬಸ್ ಡಿಪೋದಲ್ಲಿ ಅಪ್ರೆಂಟಿಸ್ ಆಗಿದ್ದವನು. ಡಾಟ್ 3 ಯಾಕೆ, ಲಿವರಿನ ಲೆಕ್ಕ ಹೇಗೆ ಎಂಬುದು ಕ್ಲಾಸಿನಲ್ಲಿ ಸಿಕ್ಕಿತು. ಆದರೆ ಕೈಗೆ ಹದ ಬಂದದ್ದು ಆಮೇಲೆ, ಓದು ಬರಹ ಬಾರದ ಒಬ್ಬ ಉಸ್ತಾದರ ಹತ್ತಿರ. ಅವರು ಡೀಸೆಲ್ ಎಂಜಿನ್ನಿನ ಶಬ್ದ ಕೇಳಿಯೇ ಯಾವ ಇಂಜೆಕ್ಟರ್ ಎಂದು ಬೆರಳು ತೋರಿಸುತ್ತಿದ್ದರು. ಸ್ಟೀರಿಂಗಿನ ಟೈ ರಾಡ್ ನಟ್ಟಿಗೆ ಹಳೆಯ ಸ್ಪ್ಲಿಟ್ ಪಿನ್ ವಾಪಸ್ ಹಾಕಿದ್ದು ಕಂಡರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸುತ್ತಿದ್ದರು. “ಎರಡು ರೂಪಾಯಿ ಪಿನ್ನಿಗೆ ಎಷ್ಟು ಜೀವ ಬೆಲೆ ಹಾಕ್ದೆ?” ಎಂಬುದು ಅವರ ಪ್ರಶ್ನೆ. ನಾಳೆ ಇಂಗ್ಲಿಷಿನ ಪ್ರಶ್ನೆಪತ್ರಿಕೆ ಇಟ್ಟು ಲೈಸೆನ್ಸ್ ಕೊಡುತ್ತೇವೆ ಎಂದರೆ ಮೊದಲು ಹೊರಗೆ ಬೀಳುವವರು ಇಂಥವರು. ಅಂಥ ಕಾನೂನಿಗೆ ನನ್ನ ವಿರೋಧವಿದೆ.

ನನ್ನ ಹತ್ತಿರ ಕೆಲಸ ಕಲಿತ ಹುಡುಗನೊಬ್ಬ ಕೆನಡಾದ ಒಂಟಾರಿಯೊಗೆ ಹೋದ. ಅಲ್ಲಿ ಕಾರು ರಿಪೇರಿ ಕಡ್ಡಾಯ ಲೈಸೆನ್ಸಿನ ಕಸುಬು, 310ಎಸ್ ಎಂಬುದು ಅದರ ನಂಬರು. ಇಲ್ಲಿ ಮಾಡಿದ ಕೆಲಸವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಆದರೆ ಪುರಾವೆ ಬೇಕು. ಎಷ್ಟು ವರ್ಷ ಇದ್ದ, ಬ್ರೇಕ್, ಗೇರ್‌ಬಾಕ್ಸ್, ಎಲೆಕ್ಟ್ರಿಕಲ್ ಏನೇನು ಮಾಡಿದ ಎಂದು ನಾನು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟೆ. ಅಷ್ಟು ವರ್ಷದ ಬೆವರಿಗೆ ಅವನ ಊರಿನಲ್ಲಿ ಬೇರೆ ದಾಖಲೆಯೇ ಇರಲಿಲ್ಲ. ಅದು ನನ್ನನ್ನು ಬಹಳ ದಿನ ಕಾಡಿತು. ನೂರಕ್ಕೆ 70 ತೆಗೆದರೆ ಪಾಸಾಗುವ ಪರೀಕ್ಷೆ, ಅವನು ಪಾಸಾದ. ಅಮೆರಿಕದ ಮಿಷಿಗನ್‌ನಲ್ಲಿ ಮೆಕ್ಯಾನಿಕ್ಕಿಗೆ ಸರ್ಟಿಫಿಕೇಟ್ ಬೇಕೆನ್ನುವ ಕಾನೂನು ಬಂದದ್ದು 1974ರಲ್ಲಿ, ಅದೂ ಬ್ರೇಕ್, ಸ್ಟೀರಿಂಗ್ ಎಂದು ವಿಭಾಗ ಮಾಡಿ. ನಮಗೆ ಬೇಕಾದದ್ದು ಈ ವಿಭಾಗದ ಪದ್ಧತಿ.

ಪಂಚರ್, ಆಯಿಲ್ ಚೇಂಜ್, ಬಲ್ಬು, ಡೆಂಟಿಂಗ್ ಮಾಡುವವರ ಗೊಡವೆಗೆ ಹೋಗುವುದು ಬೇಡ. ತೀರ್ಥಹಳ್ಳಿ ರಸ್ತೆಯ ಪಂಚರ್ ಅಂಗಡಿಯವನಿಗೆ ಲೈಸೆನ್ಸ್ ಕೇಳಿದರೆ ಅಂಗಡಿ ಮುಚ್ಚುತ್ತದೆ, ಮಳೆಗಾಲದ ರಾತ್ರಿ ನಮಗೆ ಜಾಕಿ ಕೊಡಲು ಯಾರೂ ಇರುವುದಿಲ್ಲ. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ಸಿಎನ್‌ಜಿ, ಎಲೆಕ್ಟ್ರಿಕ್ ಗಾಡಿಯ ಹೈ ವೋಲ್ಟೇಜ್ ಈ ಕೆಲಸಗಳಿಗೆ ಮಾತ್ರ ಲೈಸೆನ್ಸ್ ಇರಲಿ. ಪರೀಕ್ಷೆ ಕನ್ನಡದಲ್ಲಿ, ಗಾಡಿಯ ಮುಂದೆ, ಕೈಯಲ್ಲಿ ಮಾಡಿಸಿ ಬಾಯಲ್ಲಿ ಕೇಳುವಂತಿರಲಿ. ಅನುಭವದಿಂದ ಕಲಿತದ್ದನ್ನು ಪರಿಶೀಲಿಸಿ ಸರ್ಟಿಫಿಕೇಟ್ ಕೊಡುವ ದಾರಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಈಗಾಗಲೇ ಇದೆ. ಅದನ್ನೇ ಗಟ್ಟಿ ಮಾಡಿದರೆ ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ.

ಗ್ಯಾರೇಜಿನವರು ಹೆದರುವುದು ಪರೀಕ್ಷೆಗಿಂತ ಹೆಚ್ಚಾಗಿ ಇನ್ಸ್‌ಪೆಕ್ಟರಿಗೆ. ಆ ಹೆದರಿಕೆ ನ್ಯಾಯವಾದದ್ದು. ಮನೆ ವೈರಿಂಗಿನಲ್ಲಿ ನೋಡುತ್ತಿದ್ದೇವಲ್ಲ: ಕರೆಂಟ್ ಕನೆಕ್ಷನ್ ಬೇಕಾದರೆ ಲೈಸೆನ್ಸ್ ಇರುವ ಕಂಟ್ರಾಕ್ಟರನ ಸಹಿ ಬೇಕು, ಆದರೆ ಗೋಡೆ ಕೊರೆದು ವೈರ್ ಎಳೆದವನು ಬೇರೆಯವನಾಗಿರುತ್ತಾನೆ. ಮೋಟಾರ್ ಕೆಲಸದಲ್ಲೂ ಸಹಿ ಬಾಡಿಗೆಗೆ ಹೋದರೆ ಯಾರಿಗೂ ಉಪಯೋಗವಿಲ್ಲ. ಹಾಗಾಗಿ ಲೈಸೆನ್ಸ್ ಗ್ಯಾರೇಜಿನ ಹೆಸರಿಗೆ ಬೇಡ, ಕೆಲಸ ಮಾಡುವ ವ್ಯಕ್ತಿಯ ಹೆಸರಿಗೇ ಇರಲಿ. ಬ್ರೇಕ್ ಕೆಲಸದ ಬಿಲ್ಲಿನ ಮೇಲೆ ಅವನ ಹೆಸರು, ನಂಬರು ಬರಲಿ. ನಮ್ಮ ಗ್ಯಾರೇಜಿನಲ್ಲಿ ಬಹಳ ಕಾಲದಿಂದ ಜಾಬ್ ಕಾರ್ಡಿನಲ್ಲಿ ಕೆಲಸ ಮಾಡಿದವನ ಹೆಸರು ಬರೆಯುತ್ತೇವೆ. ಹೆಸರು ಬರೆಯಬೇಕು ಎಂದು ಗೊತ್ತಿದ್ದ ಹುಡುಗ ವೀಲ್ ನಟ್ಟುಗಳನ್ನು ಯಾರೂ ಹೇಳದೆಯೇ ಇನ್ನೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾಲವೂ ಕಾಯುತ್ತಿಲ್ಲ. 2019ರಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಅನೇಕ ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ 300 ವೋಲ್ಟಿಗೂ ಹೆಚ್ಚು ಡಿಸಿ ಕರೆಂಟು ಇರುತ್ತದೆ. ಸರ್ವಿಸ್ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಖಾಲಿಯಾಗುವವರೆಗೆ ಕಾಯಬೇಕು, ರಬ್ಬರ್ ಗ್ಲೌಸ್ ಹಾಕಬೇಕು, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಬೇಕು. ಇಲ್ಲಿ ಮೊದಲು ಸಾಯುವವನು ಮೆಕ್ಯಾನಿಕ್. ಎಲ್ಲಾ ಆಯಿಲೂ ಒಂದೇ ಅಂದ ಆ ಹುಡುಗನಂಥವರು ನಾಳೆ ಆ ಕೇಬಲ್ ಮುಟ್ಟುತ್ತಾರೆ. ಅವರನ್ನು ಉಳಿಸಲಾದರೂ ಈ ಕಾನೂನು ಬೇಕು.

ಸಾರಿಗೆ ಇಲಾಖೆಯವರಲ್ಲಿ ನನ್ನ ವಿನಂತಿ: ಎಲ್ಲವನ್ನೂ ಒಟ್ಟಿಗೆ ತರಬೇಡಿ, ಬ್ರೇಕ್ ಕೆಲಸದಿಂದ ಶುರು ಮಾಡಿ, ಫೀಸು ಹುಡುಗರ ಕೈಗೆಟಕುವಂತಿರಲಿ, ಹಳೆಯ ಉಸ್ತಾದರನ್ನೇ ಪರೀಕ್ಷಕರನ್ನಾಗಿ ಕೂರಿಸಿ. ಓದುಗರಲ್ಲಿ ಇನ್ನೊಂದು ವಿನಂತಿ. ಕಾನೂನು ಬರುವವರೆಗೆ ನೀವೇ ಕೇಳಿ. ನನ್ನ ಗಾಡಿಯ ಬ್ರೇಕ್ ಯಾರು ಮಾಡಿದರು, ಎಲ್ಲಿ ಕಲಿತರು, ಬಿಚ್ಚಿದ ಹಳೆಯ ಭಾಗಗಳೆಲ್ಲಿ ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕೆಲಸ ಬಲ್ಲ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.