ಕೋಲ್ಡ್ ಸ್ಟೋರೇಜಿಗೂ ದಿನಚರಿ ಬೇಕು

ನಮ್ಮ ಒಣಮೆಣಸಿನಕಾಯಿ ಇಡೋ ಕೋಲ್ಡ್ ಸ್ಟೋರೇಜಿನ ಬಾಡಿಗೆ ಏರಿತು. ಕೇಳಿದ್ರೆ ಕರೆಂಟ್ ಬಿಲ್ಲು ಅಂದರು. ಬಿಸಿಲಿಗೆ ಏರಿತೋ, ಯಂತ್ರ ಸೊರಗಿ ಏರಿತೋ? ಇದನ್ನು ಬೇರ್ಪಡಿಸಲು ಈಗ ಮಷಿನ್ ಲರ್ನಿಂಗ್ ಇದೆ. ಹೊರಗಿನ ಶಾಖ, ಒಳಗಿನ ಶಾಖ, ಬಾಗಿಲು ತೆರೆದ ಹೊತ್ತು, ಖರ್ಚಾದ ಯೂನಿಟ್ಟು, ಇವುಗಳ ಹಳೆಯ ಲೆಕ್ಕ ಕೊಟ್ಟರೆ ಕಂಪ್ಯೂಟರು ಇಂಥ ದಿನಕ್ಕೆ ಇಷ್ಟು ಯೂನಿಟ್ಟು ಸಾಕು ಅಂತ ಅಂದಾಜು ಮಾಡುತ್ತದೆ. ಖರ್ಚು ದಿನಾ ಅದನ್ನು ಮೀರಿದರೆ ಕಂಡೆನ್ಸರಿಗೆ ಧೂಳು ಕೂತಿದೆಯೋ, ಬಾಗಿಲ ರಬ್ಬರು ಸಡಿಲಾಗಿದೆಯೋ ನೋಡಬೇಕು. ಇಂಥ ಕಲಿಕೆಯಿಂದ ತನ್ನ ಕಂಪ್ಯೂಟರ್ ಕೇಂದ್ರದಲ್ಲಿ ತಂಪಿನ ವಿದ್ಯುತ್ತು ಶೇ. 40ರವರೆಗೆ ಇಳಿಯಿತೆಂದು 2016ರಲ್ಲಿ ಗೂಗಲ್ ಹೇಳಿತು. ದಿನದ ಮೇವು ಎಷ್ಟಂತ ಗೊತ್ತಿದ್ರೆ ತಾನೇ ಎತ್ತು ಮೇವು ಬಿಟ್ಟಿದ್ದು ತಿಳಿಯೋದು? ಇದೂ ಹಾಗೇ. ಮೊದಲು ದಿನಾ ಮೀಟರ್ ಬರೆದಿಡಿ ಅಂತ ಮಾಲೀಕರಿಗೆ ಹೇಳಿದ್ದೇನೆ. ನೀವೂ ನಿಮ್ಮಲ್ಲಿ ಕೇಳ್ರಿ.